ಲೂರ್ದಮ್ಮನ ಕಲ್ಲು

ಪಾಲಹಳ್ಳಿ ರಸ್ತೆಯ ಬದಿ, ತಗಡಿನ ನೆರಳಲ್ಲಿ
ಇನ್ನಾಸಪ್ಪ ಸೀಮೆಸುಣ್ಣದಲ್ಲಿ ಹೆಸರು ಬರೆದು,
ಕೆತ್ತಿ ಮುಗಿಸಿ ಕೂತಿದ್ದ.
ನಕ್ಷತ್ರದ ಮುಂದೆ ಉಳಿ ನಿಂತುಬಿಟ್ಟಿತ್ತು.

"ಹುಟ್ಟಿದ್ದು ಯಾವಾಗಂತ ಕೆತ್ಲಿ ಸಾರ್?
ಫಾದರ್ ಪುಸ್ತಕದಾಗೆ ಒಂದಯ್ತೆ, ನಿಮ್ಮಾಫೀಸಲ್ಲಿ ಒಂದಯ್ತೆ.
ಮಧ್ಯ ನಾಕು ವರ್ಸ."

ಲೂರ್ದಮ್ಮ ನಮ್ಮ ಶಾಸನ ಕಚೇರಿಯ ಟೈಪಿಸ್ಟು.
ಮೂವತ್ತೊಂದು ವರ್ಷ ಮೈಸೂರಿನ ಒಂದೇ ಕೋಣೆಯಲ್ಲಿ
ನಾನು ಓದಿದೆ, ಅವಳು ಬಡಿದಳು:
ಶಕ ವರ್ಷ ಸಾವಿರದ ಇನ್ನೂರ ಹದಿಮೂರು,
ಕೂಡು ಎಪ್ಪತ್ತೆಂಟು,
ಕ್ರಿ.ಶ. ಸಾವಿರದ ಇನ್ನೂರ ತೊಂಬತ್ತೊಂದು.
ಸಂದ ವರ್ಷವೋ ಸಲುವ ವರ್ಷವೋ ತಿಳಿಯದಿದ್ದರೆ
ಎಪ್ಪತ್ತೇಳು, ಪಕ್ಕದಲ್ಲೊಂದು ಪ್ರಶ್ನಾರ್ಥಕ.
ತಿಥಿ ಒಂದು ಹೇಳಿ ವಾರ ಇನ್ನೊಂದು ಹೇಳುವ ಕಲ್ಲುಗಳಿಗೆ
"ಹೊಂದದು" ಎಂದು ಅಡಿಟಿಪ್ಪಣಿ.
ಅವಳ ಯಂತ್ರದಲ್ಲಿ ಎಲ್ಲಕ್ಕಿಂತ ಮೊದಲು
ಸವೆದದ್ದು ಪ್ರಶ್ನಾರ್ಥಕದ ಕೀಲಿ.

ಒಂದು ಮಧ್ಯಾಹ್ನ, ಟೀ ಲೋಟ ಹಾಳೆಯಿಂದ ದೂರವಿಟ್ಟು ಕೇಳಿದಳು:
"ನಮ್ಮ ರಾಜರಿಗೆಲ್ಲ ಅನುಮಾನ ಹಾಕ್ತೀರಿ.
ಕ್ರಿ.ಶ.ಗೆ ಮಾತ್ರ ಯಾಕೆ ಹಾಕಲ್ಲ?"

ಗೊತ್ತಿದ್ದಷ್ಟು ಹೇಳಿದೆ.
ರೋಮಿನಲ್ಲೊಬ್ಬ ಸಂನ್ಯಾಸಿ.
ತನ್ನನ್ನು ತಾನೇ ಕಿರಿಯ ಎಂದು ಕರೆದುಕೊಂಡವನು.
ಈಸ್ಟರ್ ಯಾವ ಭಾನುವಾರ ಬೀಳುತ್ತದೆಂದು
ಪಟ್ಟಿ ಹಾಕುವುದು ಅವನ ಕೆಲಸ.
ಹಳೆಯ ಪಟ್ಟಿ ಎಣಿಸುತ್ತಿದ್ದದ್ದು
ಕ್ರೈಸ್ತರನ್ನು ಹಿಡಿಹಿಡಿದು ಕೊಲ್ಲಿಸಿದ ಒಬ್ಬ ಅರಸನ ಪಟ್ಟದಿಂದ.
ಆ ಹೆಸರಲ್ಲಿ ಹಬ್ಬ ಎಣಿಸಲು ಕೈ ಬರಲಿಲ್ಲ.
ಇನ್ನೂರ ನಲವತ್ತೇಳರ ನಂತರದ ಸಾಲಿನಲ್ಲಿ
ಇನ್ನೂರ ನಲವತ್ತೆಂಟು ಬರಬೇಕಾದ ಕಡೆ
ಐನೂರ ಮೂವತ್ತೆರಡು ಎಂದು ಬರೆದ,
ಸ್ವಾಮಿ ಹುಟ್ಟಿ ಇಷ್ಟಾಯಿತೆಂದು.
ಹೇಗೆ ಬಂತು ಅಂಕಿ? ಹೇಳಲಿಲ್ಲ. ಟಿಪ್ಪಣಿಯಿಲ್ಲ.

ಅವನ ಅಂಕಿಗಳಲ್ಲಿ ಸೊನ್ನೆಗೆ ಗುರುತಿಲ್ಲ.
ಹಿಂದಕ್ಕೆ ಎಣಿಸಿದವರು ಒಂದರಿಂದ ಒಂದಕ್ಕೇ
ಹೊಸಿಲಿಲ್ಲದ ಬಾಗಿಲಲ್ಲಿ ದಾಟಿದರು.
ನಾವೋ, ಆ ಹೆಸರಿಗೆ ಯಾವುದೋ ಕಾಲದ ಶಕರನ್ನೂ ಅಂಟಿಸಿ
ಕ್ರಿಸ್ತಶಕ ಎಂದೆವು.
ಮಗುವನ್ನು ಹುಡುಕಿಸಿದ ಹೆರೋದ
ಈ ಲೆಕ್ಕ ಶುರುವಾಗುವ ನಾಲ್ಕು ವರ್ಷ ಮೊದಲೇ
ಸತ್ತಿದ್ದನೆಂದು ತಿಳಿದವರು ಹೇಳುತ್ತಾರೆ.
ಹಾಗಾದರೆ ಕ್ರಿಸ್ತ ಹುಟ್ಟಿದ್ದು
ಕ್ರಿಸ್ತಪೂರ್ವದಲ್ಲಿ.

ಲೂರ್ದಮ್ಮ ನಕ್ಕಳು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.
"ಪಾಪ, ಅವರಿಗೂ ಒಬ್ಬರು ಹೆಡ್‌ಮೇಷ್ಟ್ರು ಸಿಕ್ಕಿದ್ರಾ!
ಸೇತುವೆ ಮೇಲೆ ಹೊಳೆ ಹರಿದ ವರ್ಷ,
ನೀರಿಳಿದ ಮೂರನೇ ದಿನ ಅಂದಳು ನಮ್ಮವ್ವ.
ಮೇಷ್ಟ್ರು ಬಲಗೈ ತಲೆ ಮೇಲಿಂದ ಹಾಕಿ ಎಡಗಿವಿ ಮುಟ್ಟು ಅಂದ್ರು.
ಕಿವಿ ಸಿಕ್ಕೇ ಸಿಕ್ತು. ಆದ್ರೂ ನಾನು ಗಿಡ್ಡಿ ನೋಡಿ,
ಆರು ಅಂತ ಬರೆದು ಜೂನ್ ಒಂದು ಹಾಕಿದ್ರು.
ನಾಲ್ಕು ವರ್ಷ ಸಂಬಳ ಜಾಸ್ತಿ ಬರ್ತದೆ ನಂಗೆ.
ಯಾರಿಗೂ ಹೇಳ್ಬೇಡಿ."

ಹೇಳಲಿಲ್ಲ. ಇನ್ನಾಸಪ್ಪನಿಗೂ ಹೇಳಲಿಲ್ಲ.
ಆಫೀಸಿನದೇ ಇರಲಿ ಅನ್ನುತ್ತಾನೆ ಅವಳ ಗಂಡ ಅರುಳಪ್ಪ,
ಕಲ್ಲು ನೋಡಿ ಯಾರಾದರೂ ಪೆನ್ಷನ್ ನಿಲ್ಲಿಸಿಯಾರು.
ಫಾದರಿಗೆ ಜ್ಞಾನಸ್ನಾನದ ಪುಸ್ತಕ ಬಿಟ್ಟರೆ ಬೇರೆ ಇಲ್ಲ.

"ನಕ್ಷತ್ರದ ಮುಂದೆ ಖಾಲಿ ಬಿಡು" ಅಂದೆ.
"ಮರ್ತೋದ ಅಂತಾರೆ ಸಾರ್ ನಂಗೆ.
ಬೇಕಾರೆ ಒಂದು ಪ್ರಶ್ನೆ ಗುರ್ತು ಹಾಕ್ತೀನಿ. ಅದಕ್ಕೆ ಕಾಸು ಬ್ಯಾಡ."
ಕಲ್ಲಿನ ಮೇಲೆ ಅವನ ಬೆರಳು ಕೊಕ್ಕೆ ಬರೆಯಿತು,
ಕೆಳಗೊಂದು ಚುಕ್ಕಿ. ಧೂಳಲ್ಲಿ ಚೆನ್ನಾಗೇ ಕಂಡಿತು.
ನಾನು ಅಂಗೈಯಿಂದ ಒರೆಸಿದೆ.

ಶಿಲುಬೆಯ ಮುಂದೆ ಸತ್ತ ದಿನ ಆಳವಾಗಿ ಕೊರೆದ.
ಅದರಲ್ಲಿ ಯಾರ ತಕರಾರೂ ಇರಲಿಲ್ಲ.

ದುಡ್ಡು ಎಣಿಸಿಕೊಂಡ. ರಸೀದಿ ಪುಸ್ತಕ ತೆಗೆದು ಪೆನ್ನು ಕೊಡವಿದ.
"ಇವತ್ತೆಷ್ಟು ತಾರೀಕು ಸಾರ್?"

ಹೇಳಿದೆ, ವರ್ಷವನ್ನೂ ಸೇರಿಸಿ,
ತಡವರಿಸದೆ.
ಅವನು ಬರೆದುಕೊಂಡ.